ಸರ್ವರ್ ರೂಮಿನ ಮಕ್ಕಳಿಗೆ ಕಿವಿಮಾತು

ಈಗ ಸರ್ವರ್ ರೂಮಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಜಾಣರು. ಕ್ಲೌಡ್, ಕಂಟೇನರ್ ಎಲ್ಲ ನಾಲಿಗೆ ತುದಿಯಲ್ಲೇ ಇರುತ್ತೆ. ಮರೆಯುವುದು ಸಣ್ಣ ಸಣ್ಣದನ್ನು: ಎರಡನೇ ಪವರ್ ಕೇಬಲ್ಲು ಎಲ್ಲಿಗೆ ಹೋಗಿದೆ, ಬ್ಯಾಟರಿ ಹಾಕಿ ಎಷ್ಟು ವರ್ಷವಾಯಿತು, ಆ ಹಳದಿ ದೀಪ ಯಾವಾಗಿನಿಂದ ಉರಿಯುತ್ತಿದೆ. ಏನಾದರೂ ನಿಧಾನವಾಯಿತು ಅಂದರೆ ಸೀದಾ ಹೊಸ ಪೆಟ್ಟಿಗೆಗೆ ಕೊಟೇಶನ್ ತರಿಸುತ್ತೀರಿ. ಸ್ವಲ್ಪ ತಡೆಯಿರಿ. ಎಪ್ಪತ್ತು ವರ್ಷಗಳಿಂದ ಯಾರ್‍ಯಾರೋ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದೆಲ್ಲ ಈಗಿರುವ ಪೆಟ್ಟಿಗೆಯೊಳಗೇ ಕೂತಿದೆ. ಅದಕ್ಕೆ ದುಡ್ಡೂ ಕೊಟ್ಟಾಗಿದೆ. ಮೊದಲು ಅದನ್ನು ಬಳಸಿ, ಕೊಟೇಶನ್ ಆಮೇಲೆ.

• ಸರ್ವರಿನ ಹಿಂದೆ ಎರಡು ಪವರ್ ಸಪ್ಲೈ ಇರುತ್ತೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಪಟ್ಟಿಗೆ ಚುಚ್ಚಬೇಡಿ. ಪಟ್ಟಿಯ ಸ್ವಿಚ್ಚಿಗೆ ಯಾರದೋ ಕಾಲು ತಗುಲಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆಗ ಎರಡನೆಯದಕ್ಕೆ ಕೊಟ್ಟ ದುಡ್ಡು ದಂಡ. ಒಂದೊಂದನ್ನು ಬೇರೆ ಬೇರೆ ಯುಪಿಎಸ್ಸಿಗೆ ಕೊಡಿ. ಯುಪಿಎಸ್ ಒಂದೇ ಇದ್ದರೆ ಇನ್ನೊಂದು ಕೇಬಲ್ಲನ್ನು ಸರ್ಜ್ ಪ್ರೊಟೆಕ್ಟರ್ ಮೂಲಕ ನೇರ ಮೇನ್ಸಿಗೆ ಹಾಕಿ, ಯುಪಿಎಸ್ಸೇ ಕೈಕೊಟ್ಟ ದಿನ ಅದು ಕಾಯುತ್ತೆ.

• ಹಾಗೆ ಹಂಚಿದ ಮೇಲೆ ಎರಡೂ ಕಡೆಯ ಲೋಡು ಅರ್ಧಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ. ಎರಡೂ ಶೇ. 70 ತುಂಬಿದ್ದರೆ ಒಂದು ಬಿದ್ದ ಕ್ಷಣ ಇನ್ನೊಂದರ ಮೇಲೆ 140 ಬೀಳುತ್ತೆ, ಅದೂ ಟ್ರಿಪ್ ಆಗುತ್ತೆ. ಈ ಕೂಡುವ ಲೆಕ್ಕ ಯಾರೂ ಮಾಡುವುದಿಲ್ಲ.

• ಯುಪಿಎಸ್ ಬ್ಯಾಟರಿ ಹಾಕಿದ ದಿನಾಂಕವನ್ನು ಮಾರ್ಕರಿನಲ್ಲಿ ಬ್ಯಾಟರಿ ಮೇಲೇ ಬರೆಯಿರಿ. ಬಿಲ್ಲು ಅಕೌಂಟ್ಸ್ ಫೈಲಿನಲ್ಲಿರುತ್ತೆ, ಬೇಕಾದಾಗ ಸಿಗುವುದಿಲ್ಲ. ಬ್ಯಾಟರಿಯನ್ನು ರ್‍ಯಾಕಿನ ಬಿಸಿಗಾಳಿ ಬರುವ ಹಿಂಭಾಗದಲ್ಲಿ ಇಡಬೇಡಿ. ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಹೇಳುವುದು 25 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ. ಪ್ರತಿ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತೆ. ರಾಯಚೂರು, ಕಲಬುರಗಿ ಕಡೆಯವರು ಇದನ್ನು ಎರಡು ಸಲ ಓದಿ.

• ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿಸಿ. ಒಂದೇ ತುದಿಗೆ ಅಂಟಿಸಿದರೆ ಇನ್ನೊಂದು ತುದಿಯಲ್ಲಿ ನಿಂತವರು ಎಳೆದೆಳೆದು ಹುಡುಕಬೇಕು, ಎಳೆಯುವಾಗ ಪಕ್ಕದ್ದು ಕಳಚುತ್ತೆ.

• ಕೇಬಲ್ ಕಟ್ಟಲು ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಪಟ್ಟಿ ಬಳಸಿ. ಟೈಯನ್ನು ಬಿಗಿದರೆ ಒಳಗಿನ ತಂತಿ ಜೋಡಿಗಳು ನಲುಗುತ್ತವೆ, ಕತ್ತರಿಸಲು ಹೋದರೆ ಪಕ್ಕದ ಕೇಬಲ್ಲಿಗೂ ಕತ್ತರಿ ಬೀಳುತ್ತೆ. ವೆಲ್ಕ್ರೋ ಬಿಚ್ಚಿ ಮತ್ತೆ ಕಟ್ಟಬಹುದು.

• ಫೈಬರ್ ಕೇಬಲ್ ತೆಗೆದ ಕೂಡಲೇ ತುದಿಗೆ ಮುಚ್ಚಳ ಹಾಕಿ. ಆ ಪುಟ್ಟ ಮುಚ್ಚಳವನ್ನು ಎಲ್ಲರೂ ಎಸೆಯುತ್ತೀರಿ. ಬೆಳಕು ಹೋಗುವ ದಾರಿ ಕೂದಲೆಳೆಗಿಂತ ಸಣ್ಣದು, ಒಂದು ಕಣ ಧೂಳು ಸಾಕು ಅದಕ್ಕೆ ಅಡ್ಡ ನಿಲ್ಲಲು. ಮತ್ತೆ, ಉರಿಯುತ್ತಿರುವ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯಾ ಅಂತ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣು ಕೆಡಿಸಬಲ್ಲದು.

• ರ್‍ಯಾಕುಗಳ ಮುಖ ಮುಖಕ್ಕೆ, ಬೆನ್ನು ಬೆನ್ನಿಗೆ ಇಡಿ. ಸರ್ವರ್ ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ಬಿಸಿ ಉಗುಳುತ್ತೆ. ಒಂದರ ಬೆನ್ನಿಗೆ ಇನ್ನೊಂದರ ಮುಖ ಬಂದರೆ ಎರಡನೆಯದು ಇಡೀ ದಿನ ಬಿಸಿಗಾಳಿಯನ್ನೇ ಉಸಿರಾಡಬೇಕು. ತಣ್ಣನೆಯ ಓಣಿ ಬೇರೆ, ಬಿಸಿ ಓಣಿ ಬೇರೆ ಅನ್ನುವ ಈ ಏರ್ಪಾಡನ್ನು ಐಬಿಎಮ್‌ನ ರಾಬರ್ಟ್ ಸಲಿವನ್ 1990ರ ದಶಕದ ಆರಂಭದಲ್ಲಿ ಹೇಳಿಕೊಟ್ಟರು. ಒಂದು ಪೈಸೆ ಖರ್ಚಿಲ್ಲದ ಉಪಾಯ, ಪೆಟ್ಟಿಗೆ ತಿರುಗಿಸಿ ಇಟ್ಟರಾಯಿತು.

• ರ್‍ಯಾಕಿನಲ್ಲಿ ಖಾಲಿ ಜಾಗವಿದ್ದರೆ ಮುಚ್ಚುಪಟ್ಟಿ ಹಾಕಿ ಮುಚ್ಚಿ. ಬಿಟ್ಟರೆ ಹಿಂದಿನ ಬಿಸಿ ಅದೇ ಕಿಂಡಿಯಿಂದ ಸುತ್ತಿ ಮುಂದಕ್ಕೆ ಬರುತ್ತೆ. ಪಟ್ಟಿಯ ಬೆಲೆ ನೋಡಿ, ಆಮೇಲೆ ಎಸಿಯ ಕರೆಂಟ್ ಬಿಲ್ಲು ನೋಡಿ.

• ಎಸಿಯನ್ನು 16ಕ್ಕೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರಬೇಡಿ. ಸರ್ವರಿನ ಮೂತಿಗೆ ಬರುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಅಂತ ಈ ವಿಷಯದಲ್ಲಿ ಎಲ್ಲರೂ ನಂಬುವ ಆಶ್ರೇ ಸಂಸ್ಥೆಯೇ ಹೇಳುತ್ತೆ. ಅಳೆಯುವಾಗ ರಿಮೋಟಿನ ಅಂಕಿ ನೋಡಬೇಡಿ. ರ್‍ಯಾಕಿನ ಮುಂದೆ, ಮೇಲಿನ ಸರ್ವರಿನ ಎತ್ತರದಲ್ಲಿ ಥರ್ಮಾಮೀಟರ್ ತೂಗುಹಾಕಿ. ಬಿಸಿ ಮೇಲೇರುವುದರಿಂದ ಮೊದಲು ಬಳಲುವುದು ಮೇಲಿನದೇ.

• ಹೊಸ ಯಂತ್ರ ಬಂದ ರಟ್ಟಿನ ಡಬ್ಬಗಳನ್ನು ಅದೇ ರೂಮಿನಲ್ಲಿ ಪೇರಿಸಬೇಡಿ. ರಟ್ಟಿನ ಪುಡಿ ಫ್ಯಾನಿಗೆ ಹೋಗುತ್ತೆ, ಡಬ್ಬದೊಳಗೆ ಇಲಿ ಸಂಸಾರ ಹೂಡುತ್ತೆ. ಕೇಬಲ್ ಬರುವ ಗೋಡೆಯ ತೂತುಗಳನ್ನು ಮುಚ್ಚಿ. ತಿಂಡಿ ಡಬ್ಬಿ ಹೊರಗೆ ಇಡಿ. ಹಲ್ಲಿ ಯುಪಿಎಸ್ ಒಳಗೆ ಹೊಕ್ಕರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು.

• ಡಿಸ್ಕುಗಳ ಹತ್ತಿರ ಗಲಾಟೆ ಮಾಡಬೇಡಿ. ತಮಾಷೆ ಅಲ್ಲ. 2008ರ ಕೊನೆಗೆ ಸನ್ ಕಂಪನಿಯ ಬ್ರೆಂಡನ್ ಗ್ರೆಗ್ ಅನ್ನುವ ಎಂಜಿನಿಯರು ಡಿಸ್ಕ್ ಸಾಲಿನ ಮುಂದೆ ನಿಂತು ಜೋರಾಗಿ ಕಿರುಚಿದರು. ಡಿಸ್ಕಿನ ಕೆಲಸ ತಡವಾಗುವುದು ಪರದೆಯ ಮೇಲೆ ಗೆರೆಯಾಗಿ ಎದ್ದು ನಿಂತಿತು. ತಿರುಗುವ ತಟ್ಟೆಯ ಮೇಲೆ ತೇಲುವ ಹೆಡ್ಡಿಗೆ ಅಷ್ಟು ಅದುರಿಕೆಯೂ ಹೆಚ್ಚೇ. 2016ರಲ್ಲಿ ರೊಮೇನಿಯಾದ ಬುಕಾರೆಸ್ಟಿನಲ್ಲಿ ಒಂದು ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ಆರಿಸುವ ಗ್ಯಾಸನ್ನು ಪರೀಕ್ಷೆಗೆಂದು ಬಿಟ್ಟಾಗ ಅದರ ಸದ್ದಿಗೇ ಡಿಸ್ಕುಗಳು ಕೆಟ್ಟವು. ಡ್ರಿಲ್ಲಿಂಗ್ ಮೆಶಿನ್ ತಂದು ಪಕ್ಕದ ಗೋಡೆ ಕೊರೆಸುವ ಮೊದಲು ಇದನ್ನು ನೆನೆಯಿರಿ.

• ಸರ್ವರಿನ ಮೆಮೊರಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತೆ, ಆದರೆ ತಿದ್ದಿದ್ದನ್ನು ಲಾಗಿನಲ್ಲಿ ಬರೆದಿಡುತ್ತೆ. ಆ ಲಾಗು ಓದಿ. ಈ ವಿದ್ಯೆ ಬಂದದ್ದು ಬೆಲ್ ಲ್ಯಾಬಿನ ರಿಚರ್ಡ್ ಹ್ಯಾಮಿಂಗ್ ಅವರ ಸಿಟ್ಟಿನಿಂದ. 1940ರ ದಶಕದಲ್ಲಿ ಅವರಿಗೆ ರಿಲೇ ಕಂಪ್ಯೂಟರ್ ಸಿಗುತ್ತಿದ್ದುದು ವಾರಾಂತ್ಯದಲ್ಲಿ ಮಾತ್ರ. ಯಂತ್ರ ತಪ್ಪು ಕಂಡರೆ ಅವರ ಕೆಲಸವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿರುತ್ತಿರಲಿಲ್ಲ. ತಪ್ಪಾಗಿದೆ ಅಂತ ಗುರುತಿಸಲು ಬರುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಗುರುತಿಸಿ ತಿದ್ದಲು ಯಾಕೆ ಬರಬಾರದು ಅಂತ ಕೇಳಿಕೊಂಡರು. 1950ರಲ್ಲಿ ಉತ್ತರವನ್ನು ಪ್ರಕಟಿಸಿದರು. ಅದೇ ವಂಶದ ವಿದ್ಯೆ ನಿಮ್ಮ ಇಸಿಸಿ ಮೆಮೊರಿಯಲ್ಲಿದೆ. ಗೂಗಲ್ಲಿನ ಸರ್ವರುಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಮೆಮೊರಿ ಕಡ್ಡಿಗಳಲ್ಲಿ ತಪ್ಪು ಕಂಡಿತ್ತು. ತಿದ್ದಿದ ತಪ್ಪುಗಳು ಒಂದೇ ಕಡ್ಡಿಯಲ್ಲಿ ಏರುತ್ತಿದ್ದರೆ, ವಾರಂಟಿ ಇರುವಾಗಲೇ ಬದಲಾಯಿಸಿಕೊಳ್ಳಿ. ವಾರಂಟಿ ಮುಗಿದ ಮರುದಿನ ಲಾಗು ತೆರೆದು ನೋಡುವವರೇ ಹೆಚ್ಚು.

• ರೇಡ್ ಡಿಸ್ಕಿನ ಹಳದಿ ದೀಪ ನೋಡಿ ದಾಟಿಹೋಗಬೇಡಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ 1988ರಲ್ಲಿ ರೇಡ್ ಯೋಚನೆಯನ್ನು ಮುಂದಿಟ್ಟಾಗ ಉದ್ದೇಶ ಉಳಿತಾಯವೇ: ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟುಗೂಡಿಸಿ ದುಬಾರಿಯ ದೊಡ್ಡ ಡಿಸ್ಕಿನ ಕೆಲಸ ಮಾಡಿಸುವುದು, ಒಂದು ಸತ್ತರೂ ಉಳಿದವು ಸಂಭಾಳಿಸುವುದು. ತೊಂದರೆ ಏನೆಂದರೆ, ಸಂಭಾಳಿಸುವುದು ಎಷ್ಟು ಚೆನ್ನಾಗಿದೆಯೆಂದರೆ ಒಂದು ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದು ಸತ್ತಾಗ ಗೊತ್ತಾಗುತ್ತೆ. ಕಂಟ್ರೋಲರಿನಿಂದ ಈಮೇಲ್ ಬರುವಂತೆ ಮಾಡಿ, ಅದು ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ ಹೋಗುತ್ತಿಲ್ಲ ಅನ್ನುವುದನ್ನೂ ನೋಡಿ.

• ಡಿಸ್ಕುಗಳನ್ನೆಲ್ಲ ಒಂದೇ ಡಬ್ಬದಿಂದ, ಒಂದೇ ದಿನ ಹಾಕಬೇಡಿ. ಆದಷ್ಟು ಬೇರೆ ಬೇರೆ ಬ್ಯಾಚಿನವನ್ನು ಕೇಳಿ ತರಿಸಿ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು: ಫರ್ಮ್‌ವೇರ್ ಬದಲಿಸದಿದ್ದರೆ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಅವು ಸಾಯುತ್ತವೆ, ಒಳಗಿನ ಮಾಹಿತಿಯೂ ಹೋಗುತ್ತೆ. ಅಂದರೆ 3 ವರ್ಷ, 270 ದಿನ, 8 ಗಂಟೆ. ಎರಡರ ಹದಿನೈದನೇ ಘಾತ ಅದು, ಲೆಕ್ಕ ಬಲ್ಲವರಿಗೆ ನಗು ಬರುತ್ತೆ. ಒಟ್ಟಿಗೆ ಆನ್ ಮಾಡಿದ ಡಿಸ್ಕುಗಳು ಒಟ್ಟಿಗೇ ಹೋದರೆ ಯಾವ ರೇಡ್ ಏನು ಮಾಡೀತು? ಫರ್ಮ್‌ವೇರ್ ಸೂಚನೆ ಬಂದಾಗ ಬೇಜಾರು ಮಾಡಿಕೊಳ್ಳದೆ ಓದಿ.

• ರೇಡ್ ಇದೆ, ಬ್ಯಾಕಪ್ ಬೇಡ ಅನ್ನಬೇಡಿ. ನೀವು ಅಳಿಸಿದ ಫೈಲನ್ನು ರೇಡ್ ಎಲ್ಲ ಡಿಸ್ಕಿನಿಂದಲೂ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತೆ.

• ಬ್ಯಾಕಪ್ ತೆಗೆದರೆ ಸಾಲದು, ಆಗಾಗ ವಾಪಸ್ ತಂದು ತೆರೆದು ನೋಡಿ. ಗಿಟ್‌ಲ್ಯಾಬ್ ಕಂಪನಿಯವರು ತಮ್ಮ ಕಥೆಯನ್ನು ತಾವೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ, ಓದಿ. 2017ರ ಜನವರಿ 31ರಂದು ದಣಿದ ಎಂಜಿನಿಯರೊಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದ್ದನ್ನು ಇನ್ನೊಂದರಲ್ಲಿ ಅಳಿಸಿದರು. ಬ್ಯಾಕಪ್ ತರೋಣ ಅಂದರೆ, ದಿನವೂ ಆಗುತ್ತಿದೆ ಅಂದುಕೊಂಡಿದ್ದದ್ದು ಆಗುತ್ತಲೇ ಇರಲಿಲ್ಲ. ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಪ್ರತಿ ಸಲ ಸೋಲುತ್ತಿತ್ತು. ಸೋತೆ ಅಂತ ತಿಳಿಸುವ ಈಮೇಲ್‌ಗಳನ್ನು ಪಡೆಯುವ ಕಡೆಯ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. ಆದ್ದರಿಂದ ಮೇಲ್ ಬಂದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ನಿದ್ದೆ ಮಾಡಬೇಡಿ. ಬ್ಯಾಕಪ್ ಸರಿಯಾದಾಗಲೂ ಒಂದು ಮೇಲ್ ಬರಲಿ. ಅದು ಬಾರದ ಬೆಳಿಗ್ಗೆ ಎದ್ದು ನೋಡಿ.

• ಬ್ಯಾಕಪ್ ಅದೇ ಕಟ್ಟಡದಲ್ಲಿ ಇಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟು ಹೋಯಿತು. ಸರ್ವರೂ ಬ್ಯಾಕಪ್ಪೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಉಳಿಯಲಿಲ್ಲ.

• ಸರ್ವರಿನ ಹಿಂದೆ ಪ್ರತ್ಯೇಕವಾಗಿ ಒಂದು ನೆಟ್‌ವರ್ಕ್ ಪೋರ್ಟ್ ಇರುತ್ತೆ, ಮ್ಯಾನೇಜ್‌ಮೆಂಟ್ ಅಂತ ಬರೆದಿರುತ್ತೆ. ಮುಖ್ಯ ಯಂತ್ರ ಸತ್ತು ಮಲಗಿದ್ದರೂ ಅದರೊಳಗಿನ ಪುಟ್ಟ ಕಂಪ್ಯೂಟರ್ ಎಚ್ಚರವಾಗಿರುತ್ತೆ. ಮನೆಯಿಂದಲೇ ಆನ್ ಮಾಡಬಹುದು, ಪರದೆ ನೋಡಬಹುದು. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲೇ ಇದಕ್ಕೊಂದು ಒಪ್ಪಂದದ ಭಾಷೆ ಮಾಡಿದರು. ಆದರೂ ಎಷ್ಟೋ ಕಡೆ ಆ ಪೋರ್ಟಿಗೆ ಕೇಬಲ್ಲೇ ಹಾಕಿರುವುದಿಲ್ಲ, ರಾತ್ರಿ ಎರಡು ಗಂಟೆಗೆ ಸ್ಕೂಟರ್ ಹತ್ತುತ್ತೀರಿ. ಕೇಬಲ್ ಹಾಕಿ. ಹಾಕಿದ ದಿನವೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಆ ಪೋರ್ಟನ್ನು ಬೇರೆ ವಿಲ್ಯಾನಿನಲ್ಲಿ ಇಡಿ. ಇಂಟರ್‌ನೆಟ್ಟಿಗೆ ಮಾತ್ರ ತೆರೆದಿಡಬೇಡಿ. ಸರ್ವರಿನ ಮೇಲೆ ಪೂರ್ತಿ ಅಧಿಕಾರ ಇರುವ ಬಾಗಿಲು ಅದು.

• ಒಳಹೋಗಲು ಎರಡನೇ ದಾರಿ ಇಟ್ಟುಕೊಳ್ಳಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿಗೇ ಕಾಣೆಯಾಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಅವರ ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅದರ ಹಿಂದೆಯೇ ಅವರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೂ ಮಾಯವಾಯಿತು. ಸರಿಪಡಿಸಲು ಬೇಕಾದ ಒಳಗಿನ ಸಾಧನಗಳೂ ಅದೇ ನೆಟ್‌ವರ್ಕಿನ ಮೇಲೇ ನಿಂತಿದ್ದವು. ಜನರನ್ನು ಖುದ್ದಾಗಿ ಡೇಟಾ ಸೆಂಟರಿಗೆ ಕಳಿಸಬೇಕಾಯಿತು, ಅಲ್ಲಿ ಭದ್ರತೆ ದಾಟಿ ಒಳಗೆ ಹೋಗುವುದಕ್ಕೂ ಹೊತ್ತು ಹಿಡಿಯಿತು. ಅಷ್ಟು ದೊಡ್ಡವರ ಪಾಡೇ ಹಾಗಾದರೆ ನಮ್ಮದೇನು? ಬೇರೆ ಕಂಪನಿಯ 4ಜಿ ಸಿಮ್ಮು ಹಾಕಿದ ಒಂದು ಸಣ್ಣ ರೂಟರ್ ಮೂಲೆಯಲ್ಲಿರಲಿ. ಸಿಮ್ಮಿಗೆ ರೀಚಾರ್ಜ್ ಮಾಡಿಸಿ, ಅದನ್ನೂ ಮರೆಯುತ್ತೀರಿ.

ಪೆಟ್ಟಿಗೆಯ ಮಾತು ಸಾಕು. ಇನ್ನು ಕೇಬಲ್ಲಿನೊಳಗೆ ಓಡುವುದರ ಮಾತು. ಪೆಟ್ಟಿಗೆ ಕೆಟ್ಟರೆ ಒಬ್ಬರಿಗೆ ತೊಂದರೆ, ಟ್ರಾಫಿಕ್ ಕೆಟ್ಟರೆ ಆಫೀಸಿಗೆಲ್ಲ ತೊಂದರೆ, ಬೈಗುಳ ಮಾತ್ರ ನಿಮಗೊಬ್ಬರಿಗೇ.

• ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀಯನ್ನು ಆಫ್ ಮಾಡಬೇಡಿ. ಪೋರ್ಟ್ ಏಳಲು ಅರ್ಧ ನಿಮಿಷ ತೆಗೆದುಕೊಳ್ಳುತ್ತೆ ಅಂತ ಬೇಸರಪಟ್ಟು ಆಫ್ ಮಾಡುವವರಿದ್ದಾರೆ. ಈಥರ್ನೆಟ್ಟಿನಲ್ಲಿ ಒಂದು ಕೊರತೆ ಇದೆ: ಹೋಗುವ ಫ್ರೇಮಿಗೆ ಎಷ್ಟು ಸುತ್ತು ಹಾಕಿದೆ ಅನ್ನುವ ಲೆಕ್ಕವೇ ಇಲ್ಲ. ಯಾರೋ ಒಂದು ಪ್ಯಾಚ್ ಕಾರ್ಡಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ ಬ್ರಾಡ್‌ಕಾಸ್ಟ್ ಫ್ರೇಮುಗಳು ಸುತ್ತುತ್ತಲೇ ಇರುತ್ತವೆ, ಸುತ್ತುತ್ತ ಹೆಚ್ಚುತ್ತವೆ, ಕೆಲವೇ ಕ್ಷಣದಲ್ಲಿ ಎಲ್ಲ ನಿಲ್ಲುತ್ತೆ. 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಪರಿಹಾರ ಕಂಡುಕೊಂಡರು. ಸ್ವಿಚ್ಚುಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಂದನ್ನು ಬೇರು ಅಂತ ಆರಿಸಿ, ಸುತ್ತಾಗುವ ದಾರಿಯನ್ನು ಮುಚ್ಚಿ, ಇರುವ ದಾರಿ ಕಡಿದಾಗ ಮುಚ್ಚಿದ್ದನ್ನು ತೆರೆಯುತ್ತವೆ. ಆಯಮ್ಮ ಅದನ್ನು ವಿವರಿಸುವ ಒಂದು ಪದ್ಯವನ್ನೂ ಬರೆದರು! ನನಗೆ ಈ ಇಡೀ ಪಟ್ಟಿಯಲ್ಲಿ ಅತ್ಯಂತ ಇಷ್ಟವಾದ ಉಪಾಯ ಇದು. ಯಾರೂ ಮೇಲೆ ಕೂತು ಆಳುವುದಿಲ್ಲ, ಎಲ್ಲರೂ ಪಕ್ಕದವರಿಗೆ ತಮಗೆ ಗೊತ್ತಿದ್ದದ್ದನ್ನು ಹೇಳುತ್ತಾರೆ, ಅಷ್ಟರಲ್ಲೇ ಊರಿಗೆಲ್ಲ ದಾರಿ ಸಿಗುತ್ತೆ. ಅರ್ಧ ನಿಮಿಷದ ಬೇಸರಕ್ಕೆ ಬೇರೆ ಮದ್ದಿದೆ. ಕಂಪ್ಯೂಟರ್ ಕೂರುವ ಪೋರ್ಟಿಗೆ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಬಿಪಿಡಿಯು ಗಾರ್ಡ್ ಹಾಕಿ. ಯಾರಾದರೂ ಅಲ್ಲಿಗೆ ಸ್ವಿಚ್ ತಂದು ಚುಚ್ಚಿದರೆ ಪೋರ್ಟ್ ತಾನೇ ಮುಚ್ಚಿಕೊಳ್ಳುತ್ತೆ.

• ಆ ಉಪಾಯವನ್ನೂ ಮಿತಿ ಮೀರಿ ಎಳೆಯಬೇಡಿ. ಸ್ವಿಚ್ಚಿಗೆ ಸ್ವಿಚ್, ಅದಕ್ಕೆ ಇನ್ನೊಂದು ಅಂತ ಸರಮಾಲೆ ಮಾಡುತ್ತ ಹೋಗಬೇಡಿ. ಮೂಲ ಮಾನದಂಡದ ಲೆಕ್ಕ ಒಂದು ತುದಿಯಿಂದ ಇನ್ನೊಂದಕ್ಕೆ ಏಳರವರೆಗೆ ಅಂತ. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಆದದ್ದು ಇದೇ. ಬೇಕಾದಾಗ ಒಂದೊಂದು ತುಂಡು ಸೇರಿಸುತ್ತ ಬೆಳೆದ ನೆಟ್‌ವರ್ಕು, ಸ್ಪ್ಯಾನಿಂಗ್ ಟ್ರೀಯ ಮಿತಿ ದಾಟಿ ಹಬ್ಬಿತ್ತು. ಒಂದು ದಿನ ಕುಸಿದು ಬಿತ್ತು. ಸುಮಾರು ನಾಲ್ಕು ದಿನ ಇಡೀ ಆಸ್ಪತ್ರೆ ಕಾಗದದ ಮೇಲೆ ನಡೆಯಿತು, ಲ್ಯಾಬಿನ ಚೀಟಿಗಳನ್ನು ಜನ ಕೈಯಲ್ಲಿ ಹಿಡಿದು ಓಡಿದರು. ಆ ಆಸ್ಪತ್ರೆಯವರ ದೊಡ್ಡತನ ನೋಡಿ: ನಡೆದದ್ದನ್ನು ಎಲ್ಲರಿಗೂ ತಿಳಿಸಿದರು. ನಿಮ್ಮ ಸ್ವಿಚ್ಚುಗಳ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ನೆಟ್‌ವರ್ಕ್ ಬಿದ್ದ ದಿನ ನೆಟ್‌ವರ್ಕಿನಲ್ಲಿಟ್ಟ ನಕ್ಷೆ ತೆರೆಯುವುದಿಲ್ಲ.

• ಸಿಸಿಟಿವಿ, ಹಾಜರಿ ಯಂತ್ರ, ಪ್ರಿಂಟರುಗಳಿಗೆ ಬೇರೆ ವಿಲ್ಯಾನ್ ಕೊಡಿ. ಕ್ಯಾಮೆರಾದ ಗದ್ದಲ ಡೇಟಾಬೇಸಿನವರಿಗೆ ಯಾಕೆ ಕೇಳಿಸಬೇಕು? ಅಗ್ಗದ ಕ್ಯಾಮೆರಾದೊಳಗೆ ಯಾರಾದರೂ ನುಗ್ಗಿದರೂ ಅಲ್ಲೇ ನಿಲ್ಲುತ್ತಾರೆ.

• ನಿಧಾನವಾಗಿದೆ ಅಂತ ಮತ್ತೆ ಮತ್ತೆ ಬಾಗಿಲು ಬಡಿಯಬೇಡಿ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ವೇಗ ಸೆಕೆಂಡಿಗೆ 32 ಸಾವಿರ ಬಿಟ್ಟಿನಿಂದ 40 ಬಿಟ್ಟಿಗೆ ಇಳಿಯಿತು. 40 ಸಾವಿರ ಅಲ್ಲ, ಬರೀ 40. ಉತ್ತರ ಬರಲಿಲ್ಲವೆಂದು ಎಲ್ಲ ಯಂತ್ರಗಳೂ ಕಳಿಸಿದ್ದನ್ನೇ ಮತ್ತೆ ಕಳಿಸುತ್ತ ದಾರಿಯನ್ನು ತಾವೇ ಮುಚ್ಚಿದ್ದವು. ವ್ಯಾನ್ ಜೇಕಬ್ಸನ್, ಮೈಕ್ ಕ್ಯಾರೆಲ್ಸ್ ಕೂತು ಪರಿಹಾರ ಹುಡುಕಿದರು, 1988ರಲ್ಲಿ ಪ್ರಬಂಧ ಬಂತು: ಸ್ವಲ್ಪದಿಂದ ಶುರುಮಾಡಿ, ಉತ್ತರ ಬಂದಂತೆ ಹೆಚ್ಚಿಸಿ, ಪ್ಯಾಕೆಟ್ ಕಳೆದುಹೋದರೆ ತಕ್ಷಣ ತಗ್ಗಿಸಿ. ಅದು ಟಿಸಿಪಿಯೊಳಗೆ ಬಂತು, ಇಂಟರ್‌ನೆಟ್ ಉಳಿಯಿತು. ಆದರೆ ಅದರ ಮೇಲೆ ನೀವು ಬರೆಯುವ ಪ್ರೋಗ್ರಾಮಿನಲ್ಲಿ ಮತ್ತೆ ಅದೇ ಹಳೆ ಚಾಳಿ: ಸೋತರೆ ಪ್ರತಿ ಸೆಕೆಂಡಿಗೆ ಮರುಪ್ರಯತ್ನ. ಬಿದ್ದ ಸರ್ವರ್ ಏಳಲು ಹೋದ ಕೂಡಲೇ ಎಲ್ಲರೂ ಸೇರಿ ಮತ್ತೆ ಕೆಡವುತ್ತೀರಿ. ಪ್ರತಿ ಸಲ ಕಾಯುವ ಹೊತ್ತನ್ನು ಇಮ್ಮಡಿ ಮಾಡಿ, ಅದಕ್ಕೆ ಸ್ವಲ್ಪ ಅಡ್ಡಾದಿಡ್ಡಿ ಸಮಯ ಸೇರಿಸಿ, ಇಷ್ಟು ಸಲ ಆದ ಮೇಲೆ ಬಿಟ್ಟುಬಿಡಿ. ಅಡ್ಡಾದಿಡ್ಡಿ ಸೇರಿಸದಿದ್ದರೆ ಎಲ್ಲರೂ ಇಮ್ಮಡಿ ಹೊತ್ತು ಕಾದು ಮತ್ತೆ ಒಟ್ಟಿಗೇ ಬರುತ್ತಾರೆ. ಈಥರ್ನೆಟ್ ಕಟ್ಟಿದ ಮೆಟ್ಕಾಫ್ ಮತ್ತು ಬಾಗ್ಸ್ ಅವರಿಗೆ 1970ರ ದಶಕದಲ್ಲೇ ಗೊತ್ತಿದ್ದ ಉಪಾಯ ಇದು.

• ಎಲ್ಲ ಬ್ಯಾಕಪ್ಪು, ಎಲ್ಲ ರಿಪೋರ್ಟು ರಾತ್ರಿ ಹನ್ನೆರಡಕ್ಕೇ ಇಡಬೇಡಿ. ಒಂದು 12:07ಕ್ಕೆ, ಇನ್ನೊಂದು 1:23ಕ್ಕೆ ಇರಲಿ. ರೈಲ್ವೆಯವರು ತತ್ಕಾಲ್ ಟಿಕೆಟನ್ನು ಎಸಿಗೆ ಬೆಳಿಗ್ಗೆ 10ಕ್ಕೆ, ಉಳಿದದ್ದಕ್ಕೆ 11ಕ್ಕೆ ತೆರೆಯುತ್ತಾರಲ್ಲ, ಹೊಸ ಸರ್ವರ್ ಕೊಳ್ಳದೆ ನೂಕುನುಗ್ಗಲನ್ನು ಎರಡು ಮಾಡುವ ದಾರಿ ಅದು.

• ಕ್ಯೂ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ದರ್ಶಿನಿಯಲ್ಲಿ ದೋಸೆ ಹುಯ್ಯುವವನು ಒಬ್ಬನೇ ಇರುವಾಗ ಕೌಂಟರಿನವನು ಇನ್ನೂರು ಟೋಕನ್ ಹರಿದು ಕೊಟ್ಟರೆ ದೋಸೆ ಬೇಗ ಬರುತ್ತದೆಯೇ? ರೂಟರಿನಲ್ಲಿ ಮೆಮೊರಿ ಅಗ್ಗವಾಯಿತೆಂದು ದೊಡ್ಡ ದೊಡ್ಡ ಬಫರ್ ಇಟ್ಟರು. ಪ್ಯಾಕೆಟ್ ಕಳೆಯುವುದಿಲ್ಲ, ಆದರೆ ಒಳಗೇ ಕೊಳೆಯುತ್ತೆ. ಟಿಸಿಪಿಗೆ ದಟ್ಟಣೆ ಗೊತ್ತಾಗುವುದು ಪ್ಯಾಕೆಟ್ ಕಳೆದಾಗ, ಆದ್ದರಿಂದ ಅದು ತಗ್ಗಿಸುವುದೂ ಇಲ್ಲ. ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಲೈನಿನಲ್ಲೇ ಇದನ್ನು ಹಿಡಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಕೊಡೆಲ್ ಅನ್ನುವ ಉಪಾಯ ಕೊಟ್ಟರು: ಕ್ಯೂ ಎಷ್ಟು ಉದ್ದವಿದೆ ಅಂತ ನೋಡುವುದು ಬಿಟ್ಟು, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುವುದು. ಅದೇ ವರ್ಷ ಲಿನಕ್ಸಿನಲ್ಲಿ ಎಫ್‌ಕ್ಯೂ ಕೊಡೆಲ್ ಹೆಸರಲ್ಲಿ ಬಂತು, ಪುಕ್ಕಟೆ. ನಿಮ್ಮ ಗೇಟ್‌ವೇಯಲ್ಲಿ ಅದನ್ನು ಆನ್ ಮಾಡಿ, ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ, ನೂರಿದ್ದರೆ ತೊಂಬತ್ತೈದಕ್ಕೆ, ಮಿತಿ ಹಾಕಿ. ಆಗ ಕ್ಯೂ ನಿಮ್ಮ ಕೈಯಲ್ಲಿರುತ್ತೆ, ಸರ್ವಿಸ್ ಕೊಡುವವರ ಮೋಡೆಮ್ಮಿನಲ್ಲಿ ಕೂರುವುದಿಲ್ಲ. ಯಾರೋ ದೊಡ್ಡ ಫೈಲು ಕಳಿಸುವಾಗ ವಿಡಿಯೋ ಮೀಟಿಂಗ್ ತೊದಲುವುದು ಬಹುಮಟ್ಟಿಗೆ ನಿಲ್ಲುತ್ತೆ. ದೊಡ್ಡ ಲೈನಿಗೆ ಅರ್ಜಿ ಹಾಕುವ ಮೊದಲು ಇದೊಂದು ಮಾಡಿ ನೋಡಿ.

• ಲೋಡ್ ಬ್ಯಾಲೆನ್ಸರಿಗೆ ಪಿಂಗ್ ಮಾಡಿ ತೃಪ್ತಿಪಡಲು ಹೇಳಬೇಡಿ. ಸರ್ವರ್ ಪಿಂಗಿಗೆ ಓಗೊಡುತ್ತೆ, ಡೇಟಾಬೇಸ್ ಸಿಗದೆ ಎಲ್ಲರಿಗೂ ದೋಷದ ಪುಟ ಕೊಡುತ್ತಿರುತ್ತೆ. ಇನ್ನೂ ಕೆಟ್ಟದ್ದೆಂದರೆ, ದೋಷದ ಪುಟ ಬಲು ಬೇಗ ಕೊಡುವುದರಿಂದ ಇವನೇ ಬಿಡುವಾಗಿದ್ದಾನೆ ಅಂತ ಬ್ಯಾಲೆನ್ಸರು ಎಲ್ಲರನ್ನೂ ಅಲ್ಲಿಗೇ ಕಳಿಸುತ್ತೆ. ನಿಜವಾದ ಒಂದು ಸಣ್ಣ ಕೆಲಸ ಮಾಡಿಸಿ ನೋಡುವ ಹಾಗೆ ಇಡಿ.

• ಸರ್ವರುಗಳು ತುಂಬ ಇದ್ದರೆ ಎಲ್ಲದರಲ್ಲೂ ಕಡಿಮೆ ಕೆಲಸ ಯಾರಿಗಿದೆ ಅಂತ ಹುಡುಕುವ ಬದಲು, ಯಾವುದಾದರೂ ಎರಡನ್ನು ಆರಿಸಿ ಅವೆರಡರಲ್ಲಿ ಬಿಡುವಾಗಿರುವುದಕ್ಕೆ ಕೊಡಿ. 1990ರ ದಶಕದಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸಂಗತಿ ಇದು. ಈಗಿನ ಬ್ಯಾಲೆನ್ಸರುಗಳಲ್ಲಿ ಒಂದು ಸಾಲಿನ ಸೆಟ್ಟಿಂಗ್ ಆಗಿ ಕೂತಿದೆ. ಒಂದಕ್ಕಿಂತ ಎರಡನ್ನು ನೋಡುವುದರಲ್ಲೇ ಲಾಭವೆಲ್ಲ ಇದೆ, ಮೂರನೆಯದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

• ಸರ್ವರನ್ನು ರಿಪೇರಿಗೆ ತೆಗೆಯುವಾಗ ಮೊದಲು ಹೊಸಬರನ್ನು ಕಳಿಸುವುದು ನಿಲ್ಲಿಸಿ, ಇದ್ದವರು ಕೆಲಸ ಮುಗಿಸಿ ಹೋಗಲು ಬಿಡಿ, ಆಮೇಲೆ ಆಫ್ ಮಾಡಿ. ಅರ್ಧ ತುಂಬಿದ ಅರ್ಜಿ ಹಾರಿಹೋದರೆ ಎದುರಿಗಿರುವವರಿಗೆ ಎಷ್ಟು ಸಂಕಟ, ನೆನೆಸಿಕೊಳ್ಳಿ.

• ಜನ ಬರುವುದನ್ನಷ್ಟೇ ಲೆಕ್ಕ ಹಾಕಬೇಡಿ, ಹೊರಡುವುದನ್ನೂ ಹಾಕಿ. 2019ರ ವಿಶ್ವಕಪ್ ಸೆಮಿಫೈನಲ್, ಭಾರತ ನ್ಯೂಜಿಲೆಂಡ್ ಪಂದ್ಯವನ್ನು ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಜನ ನೋಡುತ್ತಿದ್ದರು. ಧೋನಿ ರನೌಟ್ ಆದರು. ಎಲ್ಲರೂ ಬೇಸರದಿಂದ ಹಿಂದಕ್ಕೆ ಗುಂಡಿ ಒತ್ತಿದರೆ ಏನಾಗುತ್ತೆ? ವಿಡಿಯೋ ಸರ್ವರಿನ ಭಾರ ಇಳಿಯುತ್ತೆ, ಆದರೆ ಅಷ್ಟೂ ಜನ ಮುಖಪುಟಕ್ಕೆ ಬಂದು ಬೀಳುತ್ತಾರೆ, ಅದನ್ನು ತುಂಬಿಸಿ ಕೊಡುವ ಬೇರೆ ಸರ್ವರುಗಳ ಮೇಲೆ ಭಾರ ಬೀಳುತ್ತೆ. ಇಂಥ ದಿನಕ್ಕೆ ಯಂತ್ರಗಳನ್ನು ಮೊದಲೇ ಏರಿಸಿಟ್ಟುಕೊಳ್ಳಿ. ಗುಂಪು ಬಂದ ಮೇಲೆ ತಾನಾಗಿ ಏರುವ ವ್ಯವಸ್ಥೆ ಏಳುವಷ್ಟರಲ್ಲಿ ಧೋನಿ ಪೆವಿಲಿಯನ್ ಸೇರಿರುತ್ತಾರೆ.

• ಪರೀಕ್ಷೆ ಫಲಿತಾಂಶ ಹಾಕುವ ದಿನ ಪ್ರತಿ ವಿದ್ಯಾರ್ಥಿಗೂ ಡೇಟಾಬೇಸ್ ಕೆದಕಬೇಡಿ. ಅಂಕ ಇನ್ನು ಬದಲಾಗುವುದಿಲ್ಲವಲ್ಲ. ಹಿಂದಿನ ರಾತ್ರಿಯೇ ಒಂದೊಂದು ನೋಂದಣಿ ಸಂಖ್ಯೆಗೆ ಒಂದೊಂದು ಸಿದ್ಧ ಪುಟ ಮಾಡಿ ಇಡಿ. ಮಕ್ಕಳ ಎದೆಬಡಿತವೂ ಸ್ವಲ್ಪ ಕಡಿಮೆಯಾಗುತ್ತೆ.

• ಸರ್ವರಿನ ವಿಳಾಸ ಬದಲಿಸುವುದಿದ್ದರೆ ಡಿಎನ್‌ಎಸ್‌ನ ಟಿಟಿಎಲ್ಲನ್ನು ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಿ. ಬದಲಿಸುವ ದಿನ ಇಳಿಸಿದರೆ ಹಳೆ ವಿಳಾಸ ನೆನಪಿಟ್ಟುಕೊಂಡವರಿಗೆ ಸುದ್ದಿ ಮುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಏರಿಸಿ, ಇದನ್ನೇ ಎಲ್ಲರೂ ಮರೆಯುವುದು.

• ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿಯಿಂದ ಒಂದೇ ಹೊತ್ತು ತೋರಿಸಲಿ. ಮೂರು ಯಂತ್ರದ ಲಾಗಿನಲ್ಲಿ ಮೂರು ಸಮಯ ಇದ್ದರೆ ಯಾವುದು ಮೊದಲು ಕೆಟ್ಟಿತು ಅಂತ ದೇವರೇ ಹೇಳಬೇಕು.

• ದೂರದ ರೂಟರಿಗೆ ಬದಲಾವಣೆ ಮಾಡುವಾಗ ತಾನಾಗಿ ಹಿಂದಿರುಗುವ ಏರ್ಪಾಡು ಹಾಕಿಕೊಂಡು ಮಾಡಿ. ಜುನಿಪರಿನಲ್ಲಿ ಕಮಿಟ್ ಕನ್ಫರ್ಮ್ಡ್ ಅಂತ ಇದೆ. ಹತ್ತು ನಿಮಿಷದೊಳಗೆ ನೀವು ಸರಿ ಅನ್ನದಿದ್ದರೆ ಹಳೆಯದಕ್ಕೆ ಹೋಗುತ್ತೆ. ಸಿಸ್ಕೋದಲ್ಲಿ ಸೇವ್ ಮಾಡುವ ಮೊದಲು ಇಷ್ಟು ನಿಮಿಷಕ್ಕೆ ರೀಲೋಡ್ ಆಗು ಅಂತ ಹೇಳಿಟ್ಟು ಶುರುಮಾಡಿ. ಎಲ್ಲ ಸರಿಹೋದ ಮೇಲೆ ಆ ರೀಲೋಡನ್ನು ರದ್ದು ಮಾಡಿ, ಇಲ್ಲದಿದ್ದರೆ ಕಾಫಿ ಕುಡಿಯುವಾಗ ಫೋನ್ ಬರುತ್ತೆ.

• ಎಂಟರ್ ಒತ್ತುವ ಮೊದಲು ಬರೆದದ್ದನ್ನು ಬಾಯಿಬಿಟ್ಟು ಓದಿ, ಯಾವ ಯಂತ್ರದಲ್ಲಿದ್ದೀರಿ ಅನ್ನುವುದನ್ನೂ ಸೇರಿಸಿ. 2017ರ ಫೆಬ್ರವರಿ 28ರಂದು ಅಮೆಜಾನಿನ ಎಸ್3 ಸೇವೆ ಕೆಲವು ಗಂಟೆ ನಿಂತದ್ದು ಒಂದು ಆಜ್ಞೆಯಲ್ಲಿ ಒಂದು ಅಂಶ ತಪ್ಪಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರುಗಳು ಹೊರಗೆ ಹೋದದ್ದರಿಂದ. ಸೇವೆ ನಿಂತಿದೆ ಅಂತ ಗ್ರಾಹಕರಿಗೆ ತಿಳಿಸುವ ಫಲಕವೂ ಅದೇ ಸೇವೆಯ ಮೇಲೆ ನಿಂತಿದ್ದರಿಂದ ಸ್ವಲ್ಪ ಹೊತ್ತು ಅದನ್ನೂ ಬದಲಿಸಲಾಗಲಿಲ್ಲ. ನಿಮ್ಮ ಸ್ಥಿತಿ ತಿಳಿಸುವ ಪುಟವನ್ನು ಬೇರೆಯವರ ಸರ್ವರಿನಲ್ಲಿ ಇಡಿ.

• ಶುಕ್ರವಾರ ಸಂಜೆ ಏನನ್ನೂ ಬದಲಿಸಬೇಡಿ. ಕಾರಣ ಕೇಳಬೇಡಿ.

• ಇಂಟರ್‌ನೆಟ್ ಕೊಡುವವರ ಫೋನ್ ನಂಬರು, ನಿಮ್ಮ ಸರ್ಕಿಟ್ ಸಂಖ್ಯೆ, ಸರ್ವರಿನ ಸರ್ವಿಸ್ ಟ್ಯಾಗು, ವಾರಂಟಿ ಮುಗಿಯುವ ದಿನ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅಂಟಿಸಬೇಡಿ, ಜಾಣರಿದ್ದೀರಿ ಅಂತ ಹೇಳುತ್ತಿದ್ದೇನೆ.

• ಹಳೆ ಸರ್ವರನ್ನು ಗುಜರಿಗೆ ಕೊಡುವ ಮೊದಲು ಡಿಸ್ಕು ಪೂರ್ತಿ ಅಳಿಸಿ, ಇ-ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಟ್ಟು ರಸೀದಿ ಪಡೆಯಿರಿ. ಹಳಿ, ಪವರ್ ಕೇಬಲ್, ಸ್ಕ್ರೂಗಳನ್ನು ತೆಗೆದಿಟ್ಟುಕೊಳ್ಳಿ. ಆ ಸ್ಕ್ರೂ ಬೇಕಾದ ದಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

• ಪ್ರತಿ ರೂಮಿನಲ್ಲೂ ಯಾರದು ಅಂತ ಗೊತ್ತಿಲ್ಲದ ಒಂದು ಸರ್ವರ್ ಓಡುತ್ತಿರುತ್ತೆ, ಕರೆಂಟ್ ತಿನ್ನುತ್ತಿರುತ್ತೆ. ಹೆದರಿ ಬಿಡಬೇಡಿ, ಸಿಟ್ಟಿನಲ್ಲಿ ಆಫ್ ಕೂಡ ಮಾಡಬೇಡಿ. ಮೊದಲು ಸ್ವಿಚ್ಚಿನಲ್ಲಿ ಅದಕ್ಕೆ ಯಾರು ಬಂದು ಹೋಗುತ್ತಾರೆ ನೋಡಿ. ಯಾರೂ ಕಾಣದಿದ್ದರೆ ನೆಟ್‌ವರ್ಕ್ ಕೇಬಲ್ ಮಾತ್ರ ಕಳಚಿ, ಚೀಟಿಯಲ್ಲಿ ದಿನಾಂಕ ಬರೆದು ನೇತುಹಾಕಿ. ಯಾರಾದರೂ ಕಿರುಚಿದರೆ ಮತ್ತೆ ಚುಚ್ಚುವುದು ಒಂದು ಕ್ಷಣದ ಕೆಲಸ. ತಿಂಗಳ ಸಂಬಳದ ದಿನ ದಾಟಲಿ. ಆಮೇಲೆ ಪವರ್ ಆಫ್ ಮಾಡಿ, ಆದರೆ ಜಾಗದಿಂದ ಕೀಳಬೇಡಿ. ಮಾರ್ಚ್ 31ರ ಲೆಕ್ಕ ಮುಗಿದು ಆಡಿಟರು ಸಹಿ ಹಾಕಿ ಹೋಗುವ ತನಕ ಅದು ಅಲ್ಲೇ ಇರಲಿ. ವರ್ಷಕ್ಕೊಂದೇ ಸಲ ಎದ್ದು ಕೆಲಸ ಮಾಡುವ ಪ್ರೋಗ್ರಾಮುಗಳು ಇಂಥ ಪೆಟ್ಟಿಗೆಯಲ್ಲೇ ಇರುತ್ತವೆ.